ಎರಡು ಕಣ್ಣಿನ ಕ್ಯಾಮೆರಾ

ಮೂಗಿನ ನೇರಕ್ಕೆ ಒಂದು ಪೆನ್ಸಿಲ್ ಹಿಡಿದು ಒಮ್ಮೆ ಎಡಗಣ್ಣನ್ನು, ಇನ್ನೊಮ್ಮೆ ಬಲಗಣ್ಣನ್ನು ಮುಚ್ಚಿ ನೋಡಿ. ಪೆನ್ಸಿಲ್ ಅತ್ತಿತ್ತ ಸರಿದಂತೆ ಕಾಣುತ್ತದೆ. ನಮ್ಮ ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರ್ ಅಂತರವಿರುವುದರಿಂದ ಒಂದೊಂದು ಕಣ್ಣಿಗೂ ತುಸು ಬೇರೆ ನೋಟ ಸಿಗುತ್ತದೆ. ಈ ಎರಡನ್ನೂ ಮಿದುಳು ಬೆಸೆದಾಗ ವಸ್ತುವಿನ ಆಳ ನಮಗೆ ತಿಳಿಯುತ್ತದೆ.

ಇದನ್ನು 1838ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದವರು ಚಾರ್ಲ್ಸ್ ವೀಟ್‌ಸ್ಟನ್. ನೀವು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕಾಣುವ ವೀಟ್‌ಸ್ಟನ್ ಬ್ರಿಡ್ಜ್ ಇವರ ಹೆಸರಿನದೇ. ಛಾಯಾಗ್ರಹಣ ಇನ್ನೂ ಜನರ ಕೈಗೆ ಬಂದಿರದ ಆ ದಿನಗಳಲ್ಲಿ ಅವರು ಗೆರೆಚಿತ್ರಗಳನ್ನೇ ಕನ್ನಡಿಗಳ ಮೂಲಕ ತೋರಿಸಿದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಮಸೂರಗಳುಳ್ಳ ಸ್ಟೀರಿಯೋಸ್ಕೋಪನ್ನು ಮೆಚ್ಚಿದ ಮೇಲೆ ಅದು ಮನೆಮನೆಯ ವಿನೋದವಾಯಿತು.

ಮೊದಮೊದಲು ಒಂದೇ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ ಎರಡು ಚಿತ್ರ ತೆಗೆಯುತ್ತಿದ್ದರು. ಅಷ್ಟರಲ್ಲಿ ಯಾರಾದರೂ ಅಲುಗಿದರೆ ಜೋಡಿ ಕೂಡುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಜಾನ್ ಬೆಂಜಮಿನ್ ಡ್ಯಾನ್ಸರ್ ಎರಡು ಮಸೂರಗಳ ಕ್ಯಾಮೆರಾ ರೂಪಿಸಿ 1856ರಲ್ಲಿ ಪೇಟೆಂಟ್ ಪಡೆದರು. 1890ರ ದಶಕದಲ್ಲಿ ಪ್ಯಾರಿಸ್ಸಿನ ಜೂಲ್ಸ್ ರಿಷಾರ್ ತಂದ ವೆರಾಸ್ಕೋಪ್ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಗಾಜಿನ ಫಲಕದ ಅಳತೆ ಕೇವಲ 45 × 107 ಮಿಲಿಮೀಟರ್.

ಇಂದು ಸಂಗ್ರಾಹಕರು ಇವುಗಳಿಗೆ ಬೆಲೆ ಕಟ್ಟುವುದು ಹೇಗೆ? ಹಳೆಯದೆಲ್ಲ ದುಬಾರಿಯಲ್ಲ. ಡ್ಯಾನ್ಸರ್ ಕ್ಯಾಮೆರಾ ಬಲು ಅಪರೂಪ, ಆದ್ದರಿಂದ ಅಮೂಲ್ಯ. ವೆರಾಸ್ಕೋಪ್ ಹಾಗೂ 1947ರಿಂದ 1971ರವರೆಗೆ ಅಮೆರಿಕದಲ್ಲಿ ತಯಾರಾದ ಸ್ಟೀರಿಯೋ ರಿಯಲಿಸ್ಟ್ ಹೇರಳವಾಗಿ ಮಾರಾಟವಾದವು. ಅವುಗಳ ಸಾಮಾನ್ಯ ಮಾದರಿಗಳಿಗೆ ಅಷ್ಟು ಬೆಲೆಯಿಲ್ಲ. ಎರಡು ಮಸೂರಗಳೂ ಮೂಲದ ಜೋಡಿಯೇ, ಎರಡು ಶಟರ್‌ಗಳೂ ಒಟ್ಟಿಗೇ ತೆರೆಯುತ್ತವೆಯೇ, ಗಾಜಿಗೆ ಬೂಷ್ಟು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಹೊಳಪು ಬರಲೆಂದು ಹಿತ್ತಾಳೆಯನ್ನು ತಿಕ್ಕಿದರೆ ಮೂಲದ ಮೆರುಗು ಹೋಗಿ ಬೆಲೆ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ತಪ್ಪೊಂದಿದೆ. ಕ್ಯಾಮೆರಾವನ್ನು ಉಳಿಸಿಕೊಂಡು, ಜೊತೆಗಿದ್ದ ಗಾಜಿನ ಚಿತ್ರಗಳನ್ನು ಕಸವೆಂದು ಎಸೆಯುವುದು. ಕ್ಯಾಮೆರಾ ಕಾರ್ಖಾನೆಯಲ್ಲಿ ಸಾವಿರ ಸಂಖ್ಯೆಯಲ್ಲಿ ತಯಾರಾದದ್ದು, ಚಿತ್ರವೋ ಒಂದೇ ಒಂದು. 1914–18ರ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರು ಇಂಥ ಕ್ಯಾಮೆರಾಗಳಲ್ಲಿ ಕಂದಕಗಳ ಬದುಕನ್ನು ಸೆರೆಹಿಡಿದರು. ಆ ಫಲಕ ಒಡೆದರೆ ಆ ಸೈನಿಕ ಕಂಡ ನೋಟವೂ ಅಳಿಯಿತು.

ಆದ್ದರಿಂದ ಹಳೆಯ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಅಂಟಿಕೊಂಡ ಎರಡು ಒಂದೇ ತೆರನಾದ ಚಿತ್ರಗಳು ನಿಮ್ಮ ಕೈಗೆ ಸಿಕ್ಕರೆ, ಎರಡೇಕೆ ಎಂದು ಕತ್ತರಿಸಬೇಡಿ. ಅಂಚು ಹಿಡಿದು ಎತ್ತಿ, ಯಾರು, ಎಲ್ಲಿ, ಯಾವಾಗ ತೆಗೆದದ್ದೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಆ ಬರಹವೂ ಚಿತ್ರದ ಬೆಲೆಯನ್ನು ಹೆಚ್ಚಿಸುತ್ತದೆ.