‘ಚಾಂಪೋ’ ಶಾಂಪೂ ಆದ ಕಥೆ

ಕೌಜಲಗಿಯ ಯಾವ ಕಿರಾಣಿ ಅಂಗಡಿಯ ಮುಂದೆ ನಿಂತರೂ ಬಾಗಿಲಿಗೆ ಸರದಂತೆ ತೂಗುಬಿಟ್ಟ ಸಣ್ಣ ಪಾಕೀಟುಗಳು ಕಾಣುತ್ತವೆ. “ಒಂದ್ ಶಾಂಪೂ ಕೊಡ್ರಿ” ಎಂದರೆ ಅಂಗಡಿಯವರು ಸರದಿಂದ ಒಂದನ್ನು ಹರಿದು ಕೊಡುತ್ತಾರೆ. ಶ್ರೀಕೃಷ್ಣ ಪಾರಿಜಾತದ ನಿಂಗಮ್ಮನವರಿಂದ ನಾಡಿಗೆ ಪರಿಚಿತವಾದ ಈ ಊರಿನಲ್ಲಾಗಲಿ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಂತೆಯಲ್ಲಾಗಲಿ ಈ ಪದದ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇದು ಇಂಗ್ಲಿಷಿನವರು ನಮಗೆ ಕೊಟ್ಟ ಪದ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ಅವರಿಗೆ ಈ ಪದವನ್ನು ಕೊಟ್ಟವರು ನಾವೇ. ಎರಡೂವರೆ ಶತಮಾನಗಳ ಹಿಂದೆ ಇಲ್ಲಿಂದ ಹೋದ ಮಾತೊಂದು ವೇಷ ಬದಲಿಸಿ ಮನೆಗೆ ಮರಳಿದೆ.

ಈ ಸೀಮೆಯ ಹಳೆಯ ಮಾತು ‘ತಲಿ ಎರಕೊಳ್ಳೂದು’. ಎರೆಯುವುದೆಂದರೆ ನೀರು ಹೊಯ್ಯುವುದು. ಹಬ್ಬಕ್ಕೆ ಎಣ್ಣೆ ಹಚ್ಚಿ ಎರೆಯುತ್ತಾರೆ, ಬಾಣಂತಿಗೂ ಕೂಸಿಗೂ ಎರೆಯುತ್ತಾರೆ. ಮುಸ್ಲಿಮರ ಮನೆಗಳಲ್ಲಿ ಜುಮ್ಮಾ ನಮಾಜಿಗೆ ಹೋಗುವ ಮೊದಲಿನ ಸ್ನಾನಕ್ಕೆ ಗುಸುಲ್ ಎನ್ನುತ್ತಾರೆ. ಕರೆಯುವ ಹೆಸರು ಯಾವುದಾದರೂ ಬಚ್ಚಲಲ್ಲಿ ಇರುತ್ತಿದ್ದದ್ದು ಒಂದೇ: ಸೀಗೇಕಾಯಿ, ಇಲ್ಲವೆ ಅಂಟುವಾಳ. ಅಂಟುವಾಳದ ನೊರೆ ಯುರೋಪಿನವರನ್ನೂ ಬೆರಗುಗೊಳಿಸಿತ್ತು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಕೊಟ್ಟ ‘ಸಪಿಂಡಸ್’ ಎಂಬ ಹೆಸರಿಗೆ ‘ಭಾರತದ ಸಾಬೂನು’ ಎಂದೇ ಅರ್ಥ.

ಹಾಗಾದರೆ ಶಾಂಪೂ ಎಲ್ಲಿಂದ ಬಂತು? ಅದರ ಮೂಲದಲ್ಲಿ ಕೂದಲೂ ಇರಲಿಲ್ಲ, ನೊರೆಯೂ ಇರಲಿಲ್ಲ. ಹಿಂದಿಯಲ್ಲಿ ‘ಚಾಂಪ್ನಾ’ ಎಂದರೆ ಒತ್ತುವುದು, ಅಮುಕುವುದು. ‘ಚಾಂಪೋ’ ಎಂದರೆ ‘ಒತ್ತು’ ಎಂಬ ಆಜ್ಞೆ. ದಣಿದು ಮಲಗಿದ ಒಡೆಯ ತನ್ನ ಕೈಕಾಲು ಒತ್ತುವವನಿಗೆ ಹೇಳುತ್ತಿದ್ದ ಮಾತದು. ಕಂಪೆನಿಯ ಬಿಳಿಯರು ಇದನ್ನು ಕೇಳಿಸಿಕೊಂಡರು, ತಾವೂ ಒತ್ತಿಸಿಕೊಂಡರು. 1762ರಷ್ಟು ಹಿಂದೆಯೇ ಈ ಪದ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿದೆ. ಆಗ ಅದರ ಅರ್ಥ ಮೈ ಒತ್ತುವುದು, ನೀವುವುದು ಎಂದಷ್ಟೇ ಆಗಿತ್ತು. ನಮ್ಮಲ್ಲಿ ಇಂದಿಗೂ ‘ಚಂಪಿ’ ಎಂದರೆ ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳುವುದೇ. 1957ರ ‘ಪ್ಯಾಸಾ’ ಚಿತ್ರದಲ್ಲಿ ಮಹಮ್ಮದ್ ರಫಿಯವರ ದನಿಗೆ ಜಾನಿ ವಾಕರ್ ಎಣ್ಣೆ ಬಾಟಲಿ ಹಿಡಿದು ಕುಣಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಪಾಟ್ನಾದಿಂದ ಬ್ರೈಟನ್‌ಗೆ

ಪುಸ್ತಕದ ಮೂಲೆಯಲ್ಲಿದ್ದ ಈ ಪದವನ್ನು ಇಂಗ್ಲೆಂಡಿನ ಜನರ ಬಾಯಿಗೆ ತಂದವರಲ್ಲಿ ಮುಖ್ಯರು ದೀನ್ ಮಹಮದ್. ಅವರು 1759ರಲ್ಲಿ ಬಿಹಾರದ ಪಾಟ್ನಾದಲ್ಲಿ ಹುಟ್ಟಿದರು. ತಂದೆ ಕಂಪೆನಿಯ ಬಂಗಾಳ ಸೈನ್ಯದಲ್ಲಿದ್ದರು. ಎಳೆಯ ವಯಸ್ಸಿನಲ್ಲಿಯೇ ಮಹಮದ್ ಬೇಕರ್ ಎಂಬ ಐರಿಷ್ ಅಧಿಕಾರಿಯ ಬೆನ್ನುಹತ್ತಿ ಅದೇ ಸೈನ್ಯವನ್ನು ಸೇರಿದರು. 1782ರಲ್ಲಿ ಸೈನ್ಯ ಬಿಟ್ಟು ಅವನ ಜೊತೆ ಹಡಗು ಹತ್ತಿ, 1784ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣವನ್ನು ತಲುಪಿದರು. ಅಲ್ಲಿ ಜೇನ್ ಡೇಲಿ ಎಂಬ ಐರಿಷ್ ಯುವತಿಯನ್ನು ಮದುವೆಯಾದರು. ಅಲ್ಲಿನ ಚರ್ಚಿಗೆ ಸೇರಿದರೂ ಮಹಮದ್ ಎಂಬ ಹೆಸರನ್ನು ಬಿಡಲಿಲ್ಲ. 1794ರಲ್ಲಿ ತಮ್ಮ ಪ್ರವಾಸದ ಕಥೆಯನ್ನು ಪತ್ರಗಳ ರೂಪದಲ್ಲಿ ಪ್ರಕಟಿಸಿದರು. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು.

1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದು ಹುಕ್ಕಾ ಮತ್ತು ಹಿಂದೂಸ್ತಾನದ ಅಡುಗೆಯನ್ನು ಅಲ್ಲಿನವರ ಮುಂದಿಟ್ಟರು. ವ್ಯಾಪಾರ ಕೈಹಿಡಿಯಲಿಲ್ಲ. 1812ರಲ್ಲಿ ದಿವಾಳಿಯಾದರು. ಐವತ್ತು ದಾಟಿದ ಮನುಷ್ಯ ಹೆಂಡತಿ ಮಕ್ಕಳೊಡನೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. 1814ರಲ್ಲಿ ಅವರು ಕಡಲತೀರದ ಬ್ರೈಟನ್ ಪಟ್ಟಣಕ್ಕೆ ಬಂದರು. ಅಲ್ಲಿ ಅವರನ್ನು ಉಳಿಸಿದ್ದು ಒತ್ತುವ ವಿದ್ಯೆ.

ಅವರ ಸ್ನಾನಗೃಹದಲ್ಲಿ ರೋಗಿ ಮೊದಲು ಗಿಡಮೂಲಿಕೆ ಬೆರೆಸಿದ ಬಿಸಿಹಬೆಯಲ್ಲಿ ಕೂರಬೇಕಿತ್ತು. ಬೆವರು ಇಳಿದ ಮೇಲೆ ಅವನ ಸುತ್ತ ಉಣ್ಣೆಬಟ್ಟೆಯ ಡೇರೆ ಕಟ್ಟುತ್ತಿದ್ದರು. ಡೇರೆಗೆ ತೋಳುಗಳನ್ನು ಹೊಲಿದಿರುತ್ತಿತ್ತು. ಒತ್ತುವವನು ಹೊರಗೆ ನಿಂತು ಆ ತೋಳುಗಳೊಳಗೆ ಕೈ ತೂರಿಸಿ ಕೀಲು ಕೀಲುಗಳನ್ನು ನೀವುತ್ತಿದ್ದ. ಸಂಧಿವಾತದವರು, ಸೊಂಟ ಹಿಡಿದವರು ಬಂದರು. ಗುಣವಾದವರು ಬಿಟ್ಟುಹೋದ ಊರುಗೋಲುಗಳನ್ನು ಮಹಮದ್ ಅಲ್ಲಿಯೇ ಪ್ರದರ್ಶನಕ್ಕಿಟ್ಟರು. 1822ರಲ್ಲಿ ತಮ್ಮ ಚಿಕಿತ್ಸೆಯ ಬಗ್ಗೆ ಪುಸ್ತಕ ಬರೆದರು. ದೊರೆ ನಾಲ್ಕನೆಯ ಜಾರ್ಜ್ ಮತ್ತು ಅವನ ನಂತರ ನಾಲ್ಕನೆಯ ವಿಲಿಯಂ ಇವರನ್ನು ತಮ್ಮ ‘ಶಾಂಪೂಯಿಂಗ್ ಸರ್ಜನ್’ ಆಗಿ ನೇಮಿಸಿಕೊಂಡರು. ಒಡೆಯನ ಆಜ್ಞೆಯಾಗಿದ್ದ ಮಾತು ಒತ್ತುವವನ ಬಿರುದಾಯಿತು.

1851ರಲ್ಲಿ ಮಹಮದ್ ತೀರಿಕೊಂಡರು. ಬ್ರೈಟನ್ನಿನ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ. ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯರಾಗಿ ರಕ್ತದೊತ್ತಡದ ಅಧ್ಯಯನದಲ್ಲಿ ಹೆಸರು ಮಾಡಿದರು.

ಕೈಯಿಂದ ಸರಕಿಗೆ

ದೀನ್ ಮಹಮದ್ ತಲೆ ತೊಳೆಯುವ ಶಾಂಪೂ ಕಂಡುಹಿಡಿದರು ಎಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. ಪದದ ಅರ್ಥ ತಿರುಗಿದ್ದು ಅವರ ಕಾಲದ ನಂತರ, 1860ರ ಹೊತ್ತಿಗೆ. ಇಂಗ್ಲೆಂಡಿನ ಕ್ಷೌರಿಕರು ಸಾಬೂನಿನ ನೀರು ಹಾಕಿ ತಲೆಯನ್ನು ತಿಕ್ಕುತ್ತಿದ್ದರು. ಮೊದಲು ತಿಕ್ಕುವುದಕ್ಕಿದ್ದ ಹೆಸರು ತೊಳೆಯುವುದಕ್ಕೆ ಬಂತು. ಆಮೇಲೆ ತೊಳೆಯುವ ವಸ್ತುವಿಗೇ ಅಂಟಿಕೊಂಡಿತು. ಬರ್ಲಿನ್ನಿನ ಹಾನ್ಸ್ ಶ್ವಾರ್ಟ್ಸ್‌ಕಾಫ್ 1903ರಲ್ಲಿ ಶಾಂಪೂ ಪುಡಿಯನ್ನು ಮಾರುಕಟ್ಟೆಗೆ ತಂದರು. ಅವರ ಕಂಪೆನಿ 1927ರಲ್ಲಿ ದ್ರವ ಶಾಂಪೂವನ್ನು ತಂದಿತು. ಈಗ ಸ್ಪೇನಿನಿಂದ ಜಪಾನಿನವರೆಗೆ ಇದೇ ಪದ. ಯಾರಾದರೂ ಕನ್ನಡದ ಒತ್ತುವವನು ಬ್ರೈಟನ್ ಮುಟ್ಟಿದ್ದರೆ ಜಗತ್ತೆಲ್ಲ ಇಂದು ‘ಒತ್ತು’ ಹಚ್ಚಿಕೊಳ್ಳುತ್ತಿತ್ತೋ ಏನೋ!

ಭಾರತಕ್ಕೆ ಶಾಂಪೂ ಮರಳಿದ್ದು ಶ್ರೀಮಂತರ ಬಾಟಲಿಯಾಗಿ. ಅದನ್ನು ಹಳ್ಳಿಗೆ ಇಳಿಸಿದ್ದು ತಮಿಳುನಾಡಿನ ಕಡಲೂರಿನ ಸಣ್ಣ ಉದ್ಯಮಿಗಳು. ಅಲ್ಲಿನ ಚಿನ್ನಿಕೃಷ್ಣನ್ ಪಾಕೀಟಿನ ದಾರಿ ತೋರಿಸಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ‘ಚಿಕ್’ ಶಾಂಪೂ ಆರಂಭಿಸಿದರು. ದಿನಗೂಲಿಯವರೂ ಕೊಳ್ಳಬಲ್ಲ ಬೆಲೆಗೆ ಪಾಕೀಟು ಇಳಿದಾಗ ಸೀಗೇಕಾಯಿ ಕುಟ್ಟುವ ಒರಳು ಮೂಲೆ ಸೇರಿತು. ಕುಟ್ಟಿ, ಸೋಸಿ, ಒಲೆ ಊದಿ ನೀರು ಕಾಯಿಸುತ್ತಿದ್ದ ತಾಯಂದಿರಿಗೆ ಅದರಿಂದ ಬಿಡುವು ಸಿಕ್ಕಿದ್ದನ್ನೂ ನಾವು ಮರೆಯಬಾರದು.

ಇನ್ನೊಂದು ಪದದ ಗತಿ

ಇದೇ ಕಸುಬಿನ ಇನ್ನೊಂದು ಪದ ನಮ್ಮ ನಡುವೆ ಇದೆ: ಹಜಾಮ. ಇದು ಅರಬಿಯ ‘ಹಜ್ಜಾಮ್’. ಅಲ್ಲಿ ಅದಕ್ಕೆ ಅರ್ಥ, ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕ. ಪ್ರವಾದಿ ಮುಹಮ್ಮದರು (ಸ) ಅಬೂ ತೈಬಾ ಎಂಬ ಹಜ್ಜಾಮರಿಂದ ಈ ಚಿಕಿತ್ಸೆ ಮಾಡಿಸಿಕೊಂಡು ಕೂಲಿ ಕೊಡಿಸಿದರೆಂದು ಹದೀಸ್‌ಗಳಲ್ಲಿದೆ. ಫಾರಸಿ, ಉರ್ದುಗಳ ಹಾದಿಯಲ್ಲಿ ಕನ್ನಡಕ್ಕೆ ಬಂದ ಪದ ಕ್ಷೌರಿಕನ ಹೆಸರಾಯಿತು. ಕೊನೆಗೆ ಬೈಗುಳವಾಯಿತು. ಹನ್ನೆರಡನೆಯ ಶತಮಾನದಲ್ಲಿ ಹಡಪದ ಅಪ್ಪಣ್ಣ, ಲಿಂಗಮ್ಮ ದಂಪತಿಗಳು ವಚನ ಬರೆದ ನಾಡು ನಮ್ಮದು. ಬಸವಣ್ಣನವರ ಬಳಿ ಅಪ್ಪಣ್ಣನವರಿಗಿದ್ದ ಸ್ಥಾನ ಎಲ್ಲರಿಗೂ ಗೊತ್ತು. ಆದರೂ ಸಿಟ್ಟು ಬಂದಾಗ ನಮ್ಮ ಬಾಯಿಂದ ಹೊರಡುವುದು ಆ ಕಸುಬಿನ ಹೆಸರೇ. ಹೀಗೆ ಬೈಯುವುದರಲ್ಲಿ ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲ. ತಾರತಮ್ಯ ನಮ್ಮ ಧರ್ಮದಲ್ಲಿಲ್ಲ ಎಂದು ಹೇಳಿಕೊಳ್ಳುವ ಮುಸ್ಲಿಮರ ಮನೆಗಳೂ ಹೆಣ್ಣು ಕೊಟ್ಟು ತರುವಾಗ ಈ ಕಸುಬಿನವರನ್ನು ದೂರವೇ ಇಡುವುದುಂಟು.

ಎರಡೂ ಪದಗಳು ಮೈಮುಟ್ಟಿ ಸೇವೆ ಮಾಡುವವರ ಕೈಯಿಂದ ಹುಟ್ಟಿದವು. ಒಂದು ಸಮುದ್ರ ದಾಟಿ ದೊರೆಯ ಬಳಿ ಹೋಗಿ, ಬಣ್ಣದ ಪಾಕೀಟಾಗಿ ಬಂದಿತು. ಅದನ್ನು ನಾವು ತಲೆಯ ಮೇಲೆ ಹಾಕಿಕೊಂಡೆವು. ಇನ್ನೊಂದು ನಮ್ಮೂರಲ್ಲೇ ಉಳಿಯಿತು. ಅದನ್ನು ನಾವು ಬೈಗುಳ ಮಾಡಿದೆವು. ದೀನ್ ಮಹಮದ್ ಪಾಟ್ನಾದಲ್ಲಿಯೇ ಉಳಿದು ಇದೇ ಕೆಲಸ ಮಾಡಿದ್ದರೆ ಅವರಿಗೆ ಯಾವ ಬಿರುದು ಸಿಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಶಾಂಪೂ ನಮ್ಮದೇ ಪದ ಎಂದು ಹೆಮ್ಮೆ ಪಡುವುದು ಸುಲಭ. ಆ ಹೆಮ್ಮೆ ನಿಜವಾಗಬೇಕಾದರೆ, ನಮ್ಮೂರಿನ ಕ್ಷೌರದಂಗಡಿಯಲ್ಲಿ ನಮ್ಮ ತಲೆ ಒತ್ತುವ ಅಣ್ಣನನ್ನು ಹೆಸರಿಡಿದು ಗೌರವದಿಂದ ಮಾತನಾಡಿಸುವುದನ್ನೂ, ಆ ಬೈಗುಳವನ್ನು ಬಾಯಿಂದ ಬಿಡುವುದನ್ನೂ ನಾವು ಕಲಿಯಬೇಕು.