ಸಂಕುಚಿತ ಗಾಳಿಯ ಶಕ್ತಿ ಸಂಗ್ರಹ

ಸಂಕುಚಿತ ಗಾಳಿಯ ಶಕ್ತಿ ಸಂಗ್ರಹವೆಂದರೆ ಬೇಡಿಕೆ ಮೀರಿ ಉತ್ಪಾದನೆಯಾದ ವಿದ್ಯುತ್ತಿನಿಂದ ಗಾಳಿಯನ್ನು ಒತ್ತಿ, ಭೂಗರ್ಭದ ಗುಹೆಯಲ್ಲಿ ತುಂಬಿಟ್ಟು, ಬೇಕಾದಾಗ ಅದರಿಂದ ಮತ್ತೆ ವಿದ್ಯುತ್ ಪಡೆಯುವ ವಿಧಾನ. ಸೌರವಿದ್ಯುತ್ ಮಧ್ಯಾಹ್ನ ಹೇರಳ. ದೀಪ ಹಚ್ಚುವ ಹೊತ್ತಿಗೆ ಇಲ್ಲ. ಈ ಅಂತರವನ್ನು ತುಂಬುವುದು ಇದರ ಉದ್ದೇಶ.

ಕಾರ್ಯವಿಧಾನ

ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಇದೇ ಕಾರಣದಿಂದ. ಹಳೆಯ ಸ್ಥಾವರಗಳಲ್ಲಿ ಈ ಶಾಖ ವ್ಯರ್ಥವಾಗುತ್ತದೆ. ಹೊರಬಿಟ್ಟ ಗಾಳಿ ಹಿಗ್ಗುತ್ತ ತಣ್ಣಗಾಗುವುದರಿಂದ ನೈಸರ್ಗಿಕ ಅನಿಲ ಉರಿಸಿ ಅದನ್ನು ಕಾಯಿಸಿ ಟರ್ಬೈನ್ ತಿರುಗಿಸುತ್ತಾರೆ. ಶಾಖವನ್ನೇ ಕೂಡಿಟ್ಟು ಮರಳಿ ಬಳಸಿದರೆ ಇಂಧನ ಬೇಕಾಗುವುದಿಲ್ಲ.

ಇತಿಹಾಸ

ಮೊದಲ ದೊಡ್ಡ ಸ್ಥಾವರ 1978ರಲ್ಲಿ ಜರ್ಮನಿಯ ಹುಂಟೋರ್ಫ್‌ನಲ್ಲಿ ಆರಂಭವಾಯಿತು. ಆಗ ಅದರ ಸಾಮರ್ಥ್ಯ 290 ಮೆಗಾವ್ಯಾಟ್. ಅಲ್ಲಿ ನೆಲದಾಳದ ಉಪ್ಪಿನ ಪದರವನ್ನು ನೀರಿನಿಂದ ಕರಗಿಸಿ ಎರಡು ಗುಹೆಗಳನ್ನು ನಿರ್ಮಿಸಲಾಗಿದೆ. 1991ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮ್ಯಾಕಿಂಟಾಷ್‌ನಲ್ಲಿ 110 ಮೆಗಾವ್ಯಾಟ್ ಸ್ಥಾವರ ಕಾರ್ಯಾರಂಭ ಮಾಡಿತು. 2022ರಲ್ಲಿ ಚೀನಾದ ಜಿಂತಾನ್‌ನಲ್ಲಿ ಇಂಧನ ಉರಿಸದ 60 ಮೆಗಾವ್ಯಾಟ್ ಸ್ಥಾವರ ಆರಂಭವಾಯಿತು.

ಶಿಲೆಯ ಪಾತ್ರ

ಉಪ್ಪಿನ ಪದರದಿಂದ ಗಾಳಿ ಸೋರುವುದಿಲ್ಲ. ಆದ್ದರಿಂದ ಅದು ಇದಕ್ಕೆ ಅತ್ಯುತ್ತಮ. ಭಾರತದಲ್ಲಿ ರಾಜಸ್ಥಾನದ ಬಿಕಾನೇರ್ ಕಡೆ ಅಂಥ ಪದರಗಳಿವೆ. ಕಲಬುರಗಿ ಸೀಮೆಯದು ಬೇರೆ ನೆಲ: ಕಪ್ಪು ಬಸಾಲ್ಟ್ ಶಿಲೆ, ಶಹಾಬಾದ್ ಕಡೆ ಸುಣ್ಣಕಲ್ಲು. ಬಿರುಕುಗಳಿರುವ ಇಂಥ ಶಿಲೆಯಲ್ಲಿ ಗಾಳಿ ನಿಲ್ಲುವುದೇ ಎಂಬುದನ್ನು ಮೊದಲು ಪರೀಕ್ಷಿಸಬೇಕಾಗುತ್ತದೆ.

ಗಟ್ಟಿ ಶಿಲೆಯನ್ನು ಕೊರೆದು ಭೂಗತ ಭಂಡಾರ ಕಟ್ಟುವುದು ಕರ್ನಾಟಕಕ್ಕೆ ಹೊಸದಲ್ಲ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳಿವೆ. ಸುತ್ತಲ ಅಂತರ್ಜಲದ ಒತ್ತಡವೇ ತೈಲವನ್ನು ಸೋರದಂತೆ ತಡೆಯುತ್ತದೆ. ಆದರೆ ಗಾಳಿಯ ಒತ್ತಡ ವಾತಾವರಣದ ಒತ್ತಡದ 50 ಪಟ್ಟಿದ್ದರೆ, ಅದನ್ನು ಇದೇ ರೀತಿ ತಡೆಯಲು ಸುಮಾರು 500 ಮೀಟರ್ ನೀರಿನ ಭಾರ ಬೇಕು. ಇಲ್ಲವಾದರೆ ಗುಹೆಗೆ ಉಕ್ಕಿನ ಒಳಹೊದಿಕೆ ಹಾಕಬೇಕು. ಎರಡೂ ವೆಚ್ಚದಾಯಕ.

ಪರ್ಯಾಯ

ಪಾವಗಡದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿರುವ ಕರ್ನಾಟಕದಲ್ಲಿ ಸಂಗ್ರಹದ ಅಗತ್ಯ ದೊಡ್ಡದು. ಅದಕ್ಕಾಗಿ ಯೋಜಿಸಿರುವುದು 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ: ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ, ಬೇಕಾದಾಗ ಇಳಿಸುವುದು. ಸಿಂಗಳೀಕಗಳ ನೆಲೆಯಾದ ಕಾಡಿಗೆ ಹಾನಿಯಾಗುತ್ತದೆಂದು ಪರಿಸರವಾದಿಗಳು ಇದನ್ನು ವಿರೋಧಿಸಿದ್ದಾರೆ. ನೀರಿನ ಸಂಗ್ರಹಕ್ಕೆ ಬೆಟ್ಟ ಮತ್ತು ಜಲಾಶಯ ಬೇಕು. ಗಾಳಿಯ ಸಂಗ್ರಹಕ್ಕೆ ಸೋರದ ಶಿಲೆ ಬೇಕು. ಯಾವ ವಿಧಾನ ಎಲ್ಲಿ ಸಲ್ಲುತ್ತದೆ ಎಂಬುದನ್ನು ಆಯಾ ನೆಲವೇ ನಿರ್ಧರಿಸುತ್ತದೆ.