ಕ್ಯಾಂಟರ್ಬರಿಯ ಸದ್ದು

ಪ್ರೋಗ್ರೆಸಿವ್ ರಾಕ್‌ನ ಕ್ಯಾಂಟರ್ಬರಿ ಕವಲು ಚಿಗುರಿದ್ದು 1960ರ ದಶಕದ ಮೊದಲರ್ಧದಲ್ಲಿ, ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ. ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್‌ಗಳ ಹೆಸರು ಗೊತ್ತಿರುವವರಲ್ಲೂ ಹೆಚ್ಚಿನವರು ಈ ಕವಲಿನ ಆಲ್ಬಂಗಳನ್ನು ಕೇಳಿರುವುದಿಲ್ಲ. ಹೆಸರೇನೋ ಕ್ಯಾಂಟರ್ಬರಿ. ಆದರೆ ಇದು ಒಂದು ಊರಿನ ಸಂಗೀತ ಅನ್ನುವುದಕ್ಕಿಂತ ಒಂದು ಶಾಲೆಯ, ಒಂದು ಮನೆಯ ಸ್ನೇಹಿತರ ಸಂಗೀತ.

ಶಾಲೆ ಕ್ಯಾಂಟರ್ಬರಿಯ ಸೈಮನ್ ಲ್ಯಾಂಗ್ಟನ್. ರಾಬರ್ಟ್ ವಯಟ್, ಮೈಕ್ ರ‍್ಯಾಟ್ಲೆಜ್, ಹ್ಯೂ ಹಾಪರ್ ಅಲ್ಲಿ ಓದಿದವರು. ಮನೆ ಡೋವರ್ ಬಳಿಯ ಲಿಡನ್ ಗ್ರಾಮದ ವೆಲಿಂಗ್ಟನ್ ಹೌಸ್. ವಯಟ್ ತಂದೆತಾಯಿಯ ಆ ದೊಡ್ಡ ಹಳೆಯ ಮನೆಯಲ್ಲಿ ಕೆಲವು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಹಾಗೆ ಬಾಡಿಗೆಗೆ ಬಂದವರಲ್ಲಿ ಒಬ್ಬ ಆಸ್ಟ್ರೇಲಿಯಾದ ಡೇವಿಡ್ ಆಲನ್. ಜಾಝ್ ರೆಕಾರ್ಡುಗಳು, ಬೀಟ್ ಕವಿಗಳ ಹುಚ್ಚು, ಉದ್ದ ಕೂದಲು, ಎಲ್ಲವೂ ಅವನ ಜೊತೆಗೇ ಬಂದವು. ಶಾಲಾ ಹುಡುಗರಿಗೆ ಅದೇ ಎರಡನೆಯ ಪಾಠಶಾಲೆಯಾಯಿತು.

1964ರಲ್ಲಿ ಈ ಹುಡುಗರು ಕಟ್ಟಿದ ತಂಡ ವೈಲ್ಡ್ ಫ್ಲವರ್ಸ್. ಅದು ಇದ್ದಷ್ಟು ಕಾಲ ಒಂದು ರೆಕಾರ್ಡನ್ನೂ ಹೊರತರಲಿಲ್ಲ. ಆದರೂ ಮುಂದಿನ ಕಥೆಗೆಲ್ಲ ಬೇರು ಅದೇ. ಅದರಲ್ಲಿದ್ದ ವಯಟ್ ಮತ್ತು ಕೆವಿನ್ ಏಯರ್ಸ್ 1966ರಲ್ಲಿ ಆಲನ್, ರ‍್ಯಾಟ್ಲೆಜ್ ಜೊತೆ ಸೇರಿ ಸಾಫ್ಟ್ ಮಷೀನ್ ಕಟ್ಟಿದರು. ಹೆಸರು ವಿಲಿಯಂ ಬರೋಸ್‌ನ ಕಾದಂಬರಿಯದು. ವೈಲ್ಡ್ ಫ್ಲವರ್ಸ್‌ನಿಂದಲೇ ಬಂದ ಪೈ ಹೇಸ್ಟಿಂಗ್ಸ್, ರಿಚರ್ಡ್ ಕಾಫ್ಲನ್ ಮತ್ತು ಇಬ್ಬರು ಸಿಂಕ್ಲೇರ್‌ಗಳು, ರಿಚರ್ಡ್ ಹಾಗೂ ಡೇವ್, 1968ರಲ್ಲಿ ಕ್ಯಾರವಾನ್ ಆದರು.

1967ರಲ್ಲಿ ಫ್ರಾನ್ಸಿನಿಂದ ಮರಳುತ್ತಿದ್ದ ಆಲನ್‌ನನ್ನು ವೀಸಾ ತೊಡಕಿನಿಂದ ಬ್ರಿಟನ್ನಿನೊಳಕ್ಕೆ ಬಿಡಲಿಲ್ಲ. ಅವನು ಪ್ಯಾರಿಸ್‌ನಲ್ಲೇ ಉಳಿದು ಗಾಂಗ್ ತಂಡ ಕಟ್ಟಿದ. ಟೀಪಾಟ್‌ನಲ್ಲಿ ಹಾರಾಡುವ ಅನ್ಯಗ್ರಹವಾಸಿಗಳ ಕಥೆಯನ್ನು 1973–74ರಲ್ಲಿ ಮೂರು ಆಲ್ಬಂಗಳಿಗೆ ಎಳೆದ ತಂಡ ಅದು. ಕಥೆ ಹುಡುಗಾಟದ್ದು, ನುಡಿಸಾಣಿಕೆ ಮಾತ್ರ ಹುಡುಗಾಟವಲ್ಲ. ಮೂರನೆಯ ಆಲ್ಬಂ ‘ಯೂ’ ಕೇಳಿದರೆ ಇದು ಗೊತ್ತಾಗುತ್ತದೆ.

ಕ್ಯಾಂಟರ್ಬರಿಯ ಗುರುತು ಗಿಟಾರಲ್ಲ, ಆರ್ಗನ್. ರ‍್ಯಾಟ್ಲೆಜ್ ತನ್ನ ಲೌರಿ ಆರ್ಗನ್ನನ್ನು ಗಿಟಾರಿಗೆ ಬಳಸುವ ಫಝ್ ಪೆಟ್ಟಿಗೆಯ ಮೂಲಕ ಹಾಯಿಸುತ್ತಿದ್ದ. ಬೆರಳು ತೆಗೆದರೆ ಸಾಕು, ಫೀಡ್‌ಬ್ಯಾಕ್ ಕಿರುಚತೊಡಗುತ್ತಿತ್ತು. ಹಾಗಾಗಿ ಅವನು ಸ್ವರಗಳ ನಡುವೆ ಸಂದೇ ಬಿಡದೆ ನುಡಿಸುತ್ತಿದ್ದ. ಯಂತ್ರದ ದೋಷ ಶೈಲಿಯಾದದ್ದು ಹೀಗೆ. ಸಾಫ್ಟ್ ಮಷೀನ್‌ನ ‘ಥರ್ಡ್’ (1970) ಎರಡು ತಟ್ಟೆಗಳ ಆಲ್ಬಂ. ನಾಲ್ಕು ಮಗ್ಗುಲು, ಮಗ್ಗುಲಿಗೊಂದು ಕೃತಿ. ಅದೇ ವರ್ಷ ಆಗಸ್ಟ್‌ನಲ್ಲಿ ತಂಡ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಶಾಸ್ತ್ರೀಯ ಸಂಗೀತದ ಪ್ರಾಮ್ಸ್ ಉತ್ಸವದಲ್ಲೇ ನುಡಿಸಿತು. ‘ಥರ್ಡ್’ನ ಕೊನೆಯ ಮಗ್ಗುಲಿನಲ್ಲಿ ಸುತ್ತಿ ಸುತ್ತಿ ಬರುವ ಟೇಪಿನ ಸುರುಳಿಗಳ ಹಿಂದೆ ಅಮೆರಿಕದ ಟೆರಿ ರೈಲಿಯ ಪ್ರಭಾವವಿದೆ. ಆ ರೈಲಿ ಮುಂದೆ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯನಾದ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರದೂ ಅದೇ ಘರಾಣೆ.

ಕ್ಯಾರವಾನ್ ಹಿಡಿದದ್ದು ಬೇರೆ ದಾರಿ: ಮೆದು ದನಿ, ತುಂಟ ಸಾಹಿತ್ಯ, ಕಿವಿಗೆ ಹಿತವಾದ ಧಾಟಿ. 1971ರ ‘ಇನ್ ದಿ ಲ್ಯಾಂಡ್ ಆಫ್ ಗ್ರೇ ಅಂಡ್ ಪಿಂಕ್’ ಆಲ್ಬಮ್ಮಿನ ಎರಡನೆಯ ಮಗ್ಗುಲು ಪೂರ್ತಿ ಒಂದೇ ಕೃತಿ, ಸುಮಾರು 23 ನಿಮಿಷದ್ದು. ವಿಲಂಬಿತ ಖಯಾಲ್ ಕೇಳಿ ಬೆಳೆದವರಿಗೆ ಈ ಉದ್ದ ಹೆದರಿಸುವಂಥದ್ದಲ್ಲ. ತಾಳದ ಲೆಕ್ಕವೂ ಅಷ್ಟೆ. ಎಗ್ ಎಂಬ ತಂಡ 1969ರ ತನ್ನ ಮೊದಲ ಸಿಂಗಲ್‌ನಲ್ಲಿ ಏಳರ ತಾಳವನ್ನೇ ವಸ್ತುವಾಗಿಸಿಕೊಂಡು ಹಾಡು ಕಟ್ಟಿತು. ರಾಕ್ ಶ್ರೋತೃಗಳಿಗೆ ಅದು ವಿಚಿತ್ರ, ಮಿಶ್ರಛಾಪು ಬಲ್ಲವರಿಗೆ ಪರಿಚಿತ. ಎಗ್‌ನಲ್ಲಿ ಗಿಟಾರಿಗನೇ ಇರಲಿಲ್ಲ, ತಂಡವೂ ಲಂಡನ್ನಿನದು. ಆದರೂ ಅದರ ಆಲ್ಬಂ ‘ದಿ ಪೊಲೈಟ್ ಫೋರ್ಸ್’ (1971) ಕ್ಯಾಂಟರ್ಬರಿಯ ಪಟ್ಟಿಯಲ್ಲೇ ಸೇರಿಕೊಂಡಿದೆ. ಊರಿನ ಹೆಸರು ಎಷ್ಟು ಸಡಿಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಎಗ್‌ನ ಆರ್ಗನ್ ವಾದಕ ಡೇವ್ ಸ್ಟೂವರ್ಟ್ ಮುಂದೆ ರಿಚರ್ಡ್ ಸಿಂಕ್ಲೇರ್, ಫಿಲ್ ಮಿಲ್ಲರ್, ಪಿಪ್ ಪೈಲ್ ಜೊತೆಗೂಡಿದ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಫಲಕದಲ್ಲಿದ್ದ ‘ಹ್ಯಾಟ್‌ಫೀಲ್ಡ್ ಅಂಡ್ ದಿ ನಾರ್ತ್’ ಎಂಬ ಬರಹವೇ ತಂಡದ ಹೆಸರಾಯಿತು. ಇವರ ಎರಡನೆಯ ಆಲ್ಬಂ ‘ದಿ ರಾಟರ್ಸ್ ಕ್ಲಬ್’ (1975) ಇಡೀ ಕವಲಿನ ತುದಿ. ಬಿಡಿಸಲಾಗದಷ್ಟು ಜಟಿಲವಾದ ಬಂದಿಶನ್ನು ಇವರು ಹರಟೆ ಹೊಡೆದಷ್ಟು ಸಲೀಸಾಗಿ ನುಡಿಸುತ್ತಾರೆ. ಕಾದಂಬರಿಕಾರ ಜೊನಾಥನ್ ಕೋ 2001ರಲ್ಲಿ ತನ್ನ ಪುಸ್ತಕಕ್ಕೆ ಈ ಆಲ್ಬಮ್ಮಿನ ಹೆಸರನ್ನೇ ಇಟ್ಟ.

ಈ ತುಂಟತನದ ಆಚೆಗೆ ಒಂದು ಆಲ್ಬಂ ಬೇರೆಯಾಗಿ ನಿಲ್ಲುತ್ತದೆ. ಸಾಫ್ಟ್ ಮಷೀನ್ ಬಿಟ್ಟಿದ್ದ ವಯಟ್ 1973ರ ಜೂನ್ 1ರಂದು ಲಂಡನ್ನಿನ ಒಂದು ಪಾರ್ಟಿಯಲ್ಲಿ ಮೇಲ್ಮಹಡಿಯ ಕಿಟಕಿಯಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಡ್ರಮ್ಸ್ ವಾದಕನಾಗಿ ಅವನ ಬದುಕು ಅಲ್ಲಿಗೆ ಮುಗಿಯಿತು. ಮರುವರ್ಷ ಬಂದ ‘ರಾಕ್ ಬಾಟಮ್’ ಕೀಬೋರ್ಡ್ ಮತ್ತು ಅವನ ತೆಳುವಾದ, ಒಡೆದಂತಿರುವ ದನಿಯ ಮೇಲೆ ನಿಂತಿದೆ. ನಿರ್ಮಾಪಕ ಪಿಂಕ್ ಫ್ಲಾಯ್ಡ್‌ನ ನಿಕ್ ಮೇಸನ್. ಹಾಡುಗಳಲ್ಲಿ ಬಹುಪಾಲು ಅಪಘಾತಕ್ಕೆ ಮೊದಲೇ ರೂಪು ತಳೆದವು. ಆದರೂ ಅವುಗಳನ್ನು ಅಪಘಾತದಿಂದ ಬಿಡಿಸಿ ಕೇಳುವುದು ಕಷ್ಟ.

1970ರ ದಶಕದ ಉತ್ತರಾರ್ಧದಲ್ಲಿ ಪಂಕ್ ಬಂತು. ಉದ್ದ ಕೃತಿಗಳಿಗೆ ರೆಕಾರ್ಡ್ ಕಂಪನಿಗಳ ಬಾಗಿಲು ಮುಚ್ಚಿತು. 1975ರಲ್ಲೇ ಶುರುವಾದ ನ್ಯಾಷನಲ್ ಹೆಲ್ತ್ ತಂಡ ತನ್ನ ಮೊದಲ ಆಲ್ಬಂ ತರಲು 1978ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಈ ಸದ್ದು ಕಡಲು ದಾಟಿಯಾಗಿತ್ತು: ನೆದರ್‌ಲ್ಯಾಂಡ್ಸ್‌ನ ಸೂಪರ್‌ಸಿಸ್ಟರ್, ಫ್ರಾನ್ಸಿನ ಮೂವಿಂಗ್ ಜೆಲಟಿನ್ ಪ್ಲೇಟ್ಸ್, ಇಟಲಿಯ ಪಿಕ್ಕಿಯೊ ದಾಲ್ ಪೊಟ್ಸೊ ಎಲ್ಲವೂ ಅದೇ ಬಳಗದವು.

ಹೊಸಬರು ‘ಗ್ರೇ ಅಂಡ್ ಪಿಂಕ್’ನಿಂದ ಆರಂಭಿಸಿ ‘ರಾಟರ್ಸ್ ಕ್ಲಬ್’ಗೆ ಬರುವುದು ಸುಲಭದ ದಾರಿ. ‘ರಾಕ್ ಬಾಟಮ್’ಗೆ ರಾತ್ರಿಯ ಒಂಟಿತನ ಬೇಕು. ಎಲ್ಲಕ್ಕಿಂತ ಹೆಸರಾದ ‘ಥರ್ಡ್’ ಕೊನೆಗಿರಲಿ. ಅದರಿಂದ ಶುರು ಮಾಡಿದವರು ಮೊದಲ ಮಗ್ಗುಲಿನ ಮೊದಲ ಐದು ನಿಮಿಷದ ಗದ್ದಲಕ್ಕೇ ಎದ್ದುಹೋಗುವ ಸಂಭವವಿದೆ.